ಊರಿನ ಎಫ್‌ಡಿ, ಕೆನಡಾದ ಟಿಎಫ್‌ಎಸ್‌ಎ: ಎರಡೂ ಒಂದೇ ಹಾಳೆಯಲ್ಲಿ

"ಅಕ್ಕಾ, ಯಾವ ಶೇರ್ ತಗೊಳ್ಳಲಿ?"

ಫೆಬ್ರವರಿ ಬಂತೆಂದರೆ ಈ ಪ್ರಶ್ನೆ ಶುರುವಾಗುತ್ತದೆ. ಕೆನಡಾದ ಬ್ರ್ಯಾಂಪ್ಟನ್‌ನ ಒಂದು ಸಣ್ಣ ಆಫೀಸಿನಲ್ಲಿ ಜನರ ತೆರಿಗೆ ರಿಟರ್ನ್ ತಯಾರಿಸುವುದು ನನ್ನ ಕೆಲಸ. ಹೂಡಿಕೆ ಸಲಹೆ ಕೊಡುವ ಲೈಸೆನ್ಸ್ ನನಗಿಲ್ಲ. ಆದರೆ ರಿಟರ್ನ್ ಮಾಡುವವರ ಮೇಜಿಗೆ ಎಲ್ಲಾ ಕಾಗದವೂ ಬರುತ್ತದೆ. ಯಾರು ಎಷ್ಟು ಫೀಸ್ ಕಟ್ಟುತ್ತಿದ್ದಾರೆ, ಯಾರ ದುಡ್ಡು ತಪ್ಪು ಖಾತೆಯಲ್ಲಿ ಕೂತಿದೆ, ಎಲ್ಲಾ ಅಲ್ಲಿ ಕಾಣುತ್ತದೆ. ಆದ್ದರಿಂದ ಶೇರಿನ ಮಾತಿಗೆ ಮುಂಚೆ ನಾನು ಕೇಳುವುದು ಒಂದೇ: ಊರಲ್ಲಿ ಏನೇನಿದೆ?

ನಮ್ಮವರು ಇದಕ್ಕೆ ಬೆಚ್ಚಿಬೀಳುತ್ತಾರೆ. ಊರಿನದು ಬೇರೆ, ಇಲ್ಲಿನದು ಬೇರೆ ಅಂತಲೇ ಎಲ್ಲರ ಲೆಕ್ಕ. ಕೆನಡಾದ ತೆರಿಗೆ ಕಾನೂನು ಹಾಗೆ ನೋಡುವುದಿಲ್ಲ. ನೀವೂ ನೋಡಬಾರದು.

ಮೊದಲು ಹಾಳೆ, ಆಮೇಲೆ ಶೇರಿನ ಆ್ಯಪ್

ಒಂದು ಹಾಳೆ ತಗೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೂತು ಬರೆಯಿರಿ. ಇಲ್ಲಿನ ಬ್ಯಾಂಕಿನ ದುಡ್ಡು, ಆಫೀಸಿನ ಗ್ರೂಪ್ ಆರ್‌ಆರ್‌ಎಸ್‌ಪಿ (ನಿವೃತ್ತಿ ಉಳಿತಾಯದ ಖಾತೆ), ಟಿಎಫ್‌ಎಸ್‌ಎ (ಒಳಗಿನ ಲಾಭಕ್ಕೆ ತೆರಿಗೆ ಇಲ್ಲದ ಉಳಿತಾಯ ಖಾತೆ). ಅದರ ಕೆಳಗೇ ಎನ್‌ಆರ್‌ಇ (ವಿದೇಶದ ಗಳಿಕೆಯನ್ನು ಊರಲ್ಲಿ ಇಡುವ ಖಾತೆ) ಎಫ್‌ಡಿ, ಪಿಪಿಎಫ್, ಎಲ್‌ಐಸಿ, ಬೆಂಗಳೂರಲ್ಲಿದ್ದಾಗ ಶುರು ಮಾಡಿದ ಎಸ್‌ಐಪಿ, ಡಿಮ್ಯಾಟ್‌ನ ಶೇರುಗಳು, ದಾವಣಗೆರೆಯಲ್ಲಿ ಅಪ್ಪ ಕೊಡಿಸಿದ ಸೈಟು. ಎಲ್ಲವನ್ನೂ ಕೆನಡಾ ಡಾಲರಿನಲ್ಲೇ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ ಆ ದುಡ್ಡು ಯಾವುದಕ್ಕೆ, ಯಾವ ವರ್ಷಕ್ಕೆ ಬೇಕು ಅಂತ ಒಂದು ಸಾಲು.

ಒಟ್ಟು ಆಸ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸೈಟಿನಲ್ಲಿ ಸಿಕ್ಕಿಕೊಂಡಿರುವುದು ಎಷ್ಟೋ ಮನೆಗಳಿಗೆ ಆಗಲೇ ಗೊತ್ತಾಗುವುದು. "ನಾವು ಶೇರಿಗೆ ಹೋಗಲ್ಲ, ರಿಸ್ಕ್ ಬೇಡ" ಎನ್ನುವವರ ಹಾಳೆಯಲ್ಲೂ ಹೀಗೇ ಇರುತ್ತದೆ. ಒಂದೇ ಊರಿನ ಒಂದೇ ಸೈಟು ರಿಸ್ಕ್ ಅಲ್ವಾ?

ಈ ಹಾಳೆಯಿಂದ ತೆರಿಗೆಗೂ ಉಪಯೋಗ ಇದೆ. ಕೆನಡಾದ ಹೊರಗೆ ನೀವು ಹಾಕಿದ ಒಟ್ಟು ಅಸಲು ವರ್ಷದ ಯಾವುದೇ ದಿನ 1,00,000 ಕೆನಡಾ ಡಾಲರ್ ದಾಟಿದರೆ ಟಿ 1135 ಎಂಬ ಫಾರ್ಮ್ ತುಂಬಬೇಕು. ಎಫ್‌ಡಿ, ಶೇರು, ಮ್ಯೂಚುವಲ್ ಫಂಡ್, ಬಾಡಿಗೆಗೆ ಕೊಟ್ಟ ಮನೆ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ನೀವೇ ಉಳಿದುಕೊಳ್ಳಲು ಇಟ್ಟುಕೊಂಡ ಮನೆ ಬರುವುದಿಲ್ಲ. ಈ ಫಾರ್ಮಿನಿಂದ ಹೊಸ ತೆರಿಗೆ ಏನೂ ಬೀಳುವುದಿಲ್ಲ, ಅದು ಬರೀ ಮಾಹಿತಿ. ಆದರೆ ಕೊಡದಿದ್ದರೆ ದಿನಕ್ಕೆ 25 ಡಾಲರಿನಂತೆ 2,500 ಡಾಲರಿನವರೆಗೆ ದಂಡ. ಕೆನಡಾಕ್ಕೆ ಬಂದು ನೆಲೆಸಿದ ಮೊದಲ ವರ್ಷಕ್ಕೆ ಮಾತ್ರ ವಿನಾಯಿತಿ ಇದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಯಾರೂ ಹೇಳಿರುವುದಿಲ್ಲ. ಊರಲ್ಲಿರುವ ಶೇರು, ಫಂಡು, ಸೈಟುಗಳನ್ನು ನೀವು ಇಲ್ಲಿಯ ನಿವಾಸಿಯಾದ ದಿನದ ಬೆಲೆಗೇ ಕೊಂಡಿರಿ ಎಂದು ಕೆನಡಾ ಲೆಕ್ಕ ಹಿಡಿಯುತ್ತದೆ. 2012ರಲ್ಲಿ ಎರಡು ಲಕ್ಷಕ್ಕೆ ಕೊಂಡ ಫಂಡು ನೀವು ಬಂದಿಳಿದ ದಿನ ಏಳು ಲಕ್ಷ ಆಗಿದ್ದರೆ, ಇಲ್ಲಿ ಅಸಲು ಏಳು ಲಕ್ಷ. ಮುಂದೆ ಮಾರಿದಾಗ ಅದರ ಮೇಲಿನ ಲಾಭಕ್ಕೆ ಮಾತ್ರ ಕೆನಡಾದ ತೆರಿಗೆ. ಟಿ 1135ರಲ್ಲೂ ಅದೇ ಬೆಲೆ. ಹಾಗಾಗಿ ಬಂದ ದಿನದ ಡಿಮ್ಯಾಟ್ ಮತ್ತು ಫಂಡ್ ಸ್ಟೇಟ್‌ಮೆಂಟ್ ಇಳಿಸಿ ಇಟ್ಟುಕೊಳ್ಳಿ, ಸೈಟಿಗೆ ಒಬ್ಬ ವ್ಯಾಲ್ಯುಯರ್ ಕೈಯಲ್ಲಿ ಬರೆಸಿ. ಹತ್ತು ವರ್ಷ ಆದ ಮೇಲೆ ಇದನ್ನು ಹುಡುಕುವುದು ಬಹಳ ಕಷ್ಟ.

ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ತೆರಿಗೆ ಇಲ್ಲ ಅಂತ ಬ್ಯಾಂಕಿನವರು ಹೇಳಿರುತ್ತಾರೆ. ಅದು ಭಾರತದ ಮಟ್ಟಿಗೆ ನಿಜ. ಕೆನಡಾದ ನಿವಾಸಿಯಾದ ಮೇಲೆ ಆ ಬಡ್ಡಿಯನ್ನು ಪ್ರತಿ ವರ್ಷ ಇಲ್ಲಿ ತೋರಿಸಬೇಕು. ಪಿಪಿಎಫ್ ಬಡ್ಡಿಯೂ ಅಷ್ಟೇ. ಅನಿವಾಸಿಗಳ ಊರಿನ ಆದಾಯ ಬೀಳುವ ಎನ್‌ಆರ್‌ಒ ಖಾತೆಯಲ್ಲಿ ಅಲ್ಲಿಯೇ ಟಿಡಿಎಸ್ ಹಿಡಿಯುತ್ತಾರೆ. ಎರಡು ದೇಶಗಳ ಒಪ್ಪಂದದ ಪ್ರಕಾರ ಬಡ್ಡಿಯ ಮೇಲೆ ಭಾರತದ ಪಾಲು ಶೇಕಡ 15, ಅದಕ್ಕೆ ಇಲ್ಲಿನ ತೆರಿಗೆಯಲ್ಲಿ ಕ್ರೆಡಿಟ್ (ಕಡಿತ) ಸಿಗುತ್ತದೆ. ಅಲ್ಲಿಯ ಬಡ್ಡಿ ದರ ನೋಡಿ ಖುಷಿಪಡುವವರು ಇಲ್ಲಿನ ತೆರಿಗೆ ಕಳೆದು, ಡಾಲರಿನ ಎದುರು ರೂಪಾಯಿ ಇಳಿದದ್ದನ್ನೂ ಕಳೆದು ನೋಡಬೇಕು.

ಯಾವ ಖಾತೆಗೆ ಮೊದಲು ಹಾಕಲಿ?

ಇದು ಸರಿಯಾದ ಪ್ರಶ್ನೆ. ಖಾತೆ ಒಂದು ಡಬ್ಬಿ, ಶೇರು, ಫಂಡು, ಜಿಐಸಿ (ಇಲ್ಲಿನ ಎಫ್‌ಡಿ) ಎಲ್ಲಾ ಅದರೊಳಗೆ ಹಾಕುವ ಸಾಮಾನು. "ನಾನು ಟಿಎಫ್‌ಎಸ್‌ಎ ತಗೊಂಡಿದೀನಿ, ಬಡ್ಡಿ ಬಹಳ ಕಡಿಮೆ" ಅಂತ ಬಂದವರ ಖಾತೆ ತೆಗೆದು ನೋಡಿದರೆ ಒಳಗೆ ಬರೀ ನಗದು ಇರುತ್ತದೆ. ಖಾತೆ ತೆರೆಯುವುದು ಒಂದು ಕೆಲಸ, ಒಳಗೆ ಕೊಳ್ಳುವುದು ಇನ್ನೊಂದು ಕೆಲಸ.

ಕ್ರೆಡಿಟ್ ಕಾರ್ಡಿನ ಬಾಕಿ ಇದ್ದರೆ ಅದನ್ನು ಮೊದಲು ತೀರಿಸಿ. ಶೇಕಡ 20ರ ಬಡ್ಡಿಯನ್ನು ಖಚಿತವಾಗಿ ಮೀರಿಸುವ ಹೂಡಿಕೆ ಯಾವುದೂ ಇಲ್ಲ. ಆಮೇಲೆ ಆಫೀಸಿನವರು ಆರ್‌ಆರ್‌ಎಸ್‌ಪಿಗೆ ತಮ್ಮ ಪಾಲು ಸೇರಿಸಿ ಹಾಕುತ್ತಾರಾ ಅಂತ ಎಚ್‌ಆರ್ ಹತ್ತಿರ ಕೇಳಿ. ನೀವು ಹಾಕಿದಷ್ಟೇ ಅವರೂ ಹಾಕುವುದಾದರೆ ಅದು ನಿಮ್ಮ ಸಂಬಳದ ಭಾಗ, ಬಿಡಬೇಡಿ.

ಅದಾದ ಮೇಲೆ ಟಿಎಫ್‌ಎಸ್‌ಎ. 2009ರಲ್ಲಿ ಶುರುವಾಯಿತು. 2026ಕ್ಕೆ ಹಾಕಬಹುದಾದ ಮಿತಿ, ಅಂದರೆ 'ಜಾಗ', 7,000 ಡಾಲರ್. ಶುರುವಿನಿಂದ ಇಲ್ಲೇ ಇದ್ದು, 2009ರಲ್ಲೇ 18 ತುಂಬಿದ್ದವರಿಗೆ ಈಗ ಒಟ್ಟು 1,09,000. ಆಫೀಸಿನಲ್ಲಿ ಯಾರೋ ಈ ಅಂಕಿ ಹೇಳಿದರು ಅಂತ ನಂಬಿ ಹಾಕಿಬಿಡಬೇಡಿ. ನಿಮಗೆ ಜಾಗ ಸಿಗುವುದು ನೀವು ನಿವಾಸಿಯಾದ ವರ್ಷದಿಂದ ಮಾತ್ರ. 2021ರ ಆಗಸ್ಟ್‌ನಲ್ಲಿ ಬಂದವರ ಲೆಕ್ಕ ಹೀಗೆ: 2021 ಮತ್ತು 2022ಕ್ಕೆ ತಲಾ 6,000, 2023ಕ್ಕೆ 6,500, ಆಮೇಲಿನ ಮೂರು ವರ್ಷ ತಲಾ 7,000. ಒಟ್ಟು 39,500. ಆಗಸ್ಟ್‌ನಲ್ಲಿ ಬಂದರೂ ಆ ವರ್ಷದ ಪೂರ್ತಿ 6,000 ಸಿಗುತ್ತದೆ. ಇದನ್ನು ಮೀರಿ ಹಾಕಿದರೆ ಹೆಚ್ಚಾದ ದುಡ್ಡಿಗೆ ತಿಂಗಳಿಗೆ ಶೇಕಡ 1 ದಂಡ.

ಜನ ಎಡವುವುದು ಹಿಂದಕ್ಕೆ ತೆಗೆದಾಗ. ಮೇ ತಿಂಗಳಲ್ಲಿ 5,000 ತೆಗೆದು ಸೆಪ್ಟೆಂಬರಿನಲ್ಲಿ ಅದೇ 5,000 ವಾಪಸ್ ಹಾಕುತ್ತಾರೆ. ತೆಗೆದ ದುಡ್ಡಿನ ಜಾಗ ಮರಳಿ ಸಿಗುವುದು ಮುಂದಿನ ಜನವರಿ 1ಕ್ಕೆ. ಅಷ್ಟರೊಳಗೆ ಬೇರೆ ಜಾಗ ಉಳಿದಿಲ್ಲದಿದ್ದರೆ ದಂಡ ಬೀಳುತ್ತದೆ. ಕೆನಡಾದ ತೆರಿಗೆ ಇಲಾಖೆ ಸಿಆರ್‌ಎಯ ಜಾಲತಾಣದಲ್ಲಿ ಜಾಗ ಎಷ್ಟಿದೆ ಅಂತ ತೋರಿಸುತ್ತದೆ, ಆದರೆ ಹಿಂದಿನ ವರ್ಷದ ಲೆಕ್ಕವನ್ನು ಬ್ಯಾಂಕುಗಳು ಕಳಿಸುವುದೇ ಫೆಬ್ರವರಿ ಕೊನೆಯೊಳಗೆ. ಜನವರಿಯಲ್ಲಿ ಕಂಡ ಅಂಕಿಯನ್ನು ನಂಬಬೇಡಿ. ನಿಮ್ಮದೇ ಒಂದು ಪಟ್ಟಿ ಇಟ್ಟುಕೊಳ್ಳಿ.

ಟಿಎಫ್‌ಎಸ್‌ಎಯಲ್ಲಿ ಗೆದ್ದರೆ ತೆರಿಗೆ ಇಲ್ಲ, ಸೋತರೆ ಆ ಜಾಗವೂ ಹೋಯಿತು. ಯಾರೋ ಹೇಳಿದ ಗಣಿ ಕಂಪನಿ ಶೇರಿಗೆ 7,000 ಹಾಕಿ ಅದು 700 ಆದರೆ, ಕಳೆದುಹೋದ 6,300ರ ಜಾಗ ಮತ್ತೆ ಬರುವುದಿಲ್ಲ, ಆ ನಷ್ಟವನ್ನು ಬೇರೆ ಲಾಭದ ಎದುರು ಕಳೆಯಲೂ ಆಗುವುದಿಲ್ಲ. ದಿನಬೆಳಗಾದರೆ ಕೊಂಡು ಮಾರುವುದನ್ನು ಸಿಆರ್‌ಎ ವ್ಯಾಪಾರ ಎಂದು ಪರಿಗಣಿಸಿ ತೆರಿಗೆ ಹಾಕಬಹುದು ಎಂಬುದೂ ನೆನಪಿರಲಿ.

ಆರ್‌ಆರ್‌ಎಸ್‌ಪಿಯ ಜಾಗ ಹಿಂದಿನ ವರ್ಷ ಕೆನಡಾದಲ್ಲಿ ದುಡಿದದ್ದರ ಶೇಕಡ 18. 2025ಕ್ಕೆ ಮೇಲ್ಮಿತಿ 32,490 ಡಾಲರ್. ಹೊಸದಾಗಿ ಬಂದವರಿಗೆ ಮೊದಲ ವರ್ಷ ಜಾಗವೇ ಇರುವುದಿಲ್ಲ. ರಿಟರ್ನ್ ಹಾಕಿದ ಮೇಲೆ ಬರುವ ನೋಟಿಸ್ ಆಫ್ ಅಸೆಸ್‌ಮೆಂಟ್‌ನಲ್ಲಿ ನಿಮ್ಮ ಅಂಕಿ ಇರುತ್ತದೆ. ಒಂಟಾರಿಯೊದಲ್ಲಿ 80,000 ಡಾಲರ್ ಸಂಬಳದವರು ಹಾಕಿದ ಪ್ರತಿ ಡಾಲರಿಗೆ ಸುಮಾರು 30 ಸೆಂಟ್ ತೆರಿಗೆ ಉಳಿಯುತ್ತದೆ. 50,000 ಸಂಬಳದವರಿಗೆ ಸುಮಾರು 20 ಸೆಂಟ್. ತೆಗೆಯುವಾಗ ಪೂರ್ತಿ ಆದಾಯಕ್ಕೆ ಸೇರುತ್ತದೆ. ಆದ್ದರಿಂದ ಸಂಬಳ ಈಗ ಕಡಿಮೆ ಇದ್ದು ಮುಂದೆ ಏರುವ ಹಾಗಿದ್ದರೆ ಟಿಎಫ್‌ಎಸ್‌ಎ ತುಂಬಿಸಿ, ಆರ್‌ಆರ್‌ಎಸ್‌ಪಿ ಜಾಗ ಹಾಗೇ ಇರಲಿ, ಅದು ಕೊಳೆಯುವುದಿಲ್ಲ. ರಿಫಂಡ್ ಬಂದ ಖುಷಿಗೆ ಅದನ್ನು ಊರಿಗೆ ಹೋಗುವ ಟಿಕೆಟ್ಟಿಗೆ ಖರ್ಚು ಮಾಡಿದರೆ ಆರ್‌ಆರ್‌ಎಸ್‌ಪಿಯ ಅರ್ಧ ಲಾಭ ಅಲ್ಲೇ ಹೋಯಿತು. 2025ರ ಲೆಕ್ಕಕ್ಕೆ ಹಾಕಲು ಕೊನೆಯ ದಿನ 2026ರ ಮಾರ್ಚ್ 2.

ಮನೆ ಕೊಳ್ಳಬೇಕು ಅಂತಿದ್ದರೆ ಎಫ್‌ಎಚ್‌ಎಸ್‌ಎ, ಮೊದಲ ಮನೆಗೆ ಉಳಿಸುವ ಖಾತೆ. 2023ರ ಏಪ್ರಿಲ್‌ನಲ್ಲಿ ಬಂದದ್ದು. ವರ್ಷಕ್ಕೆ 8,000, ಜೀವಮಾನಕ್ಕೆ 40,000. ಹಾಕುವಾಗಲೂ ತೆರಿಗೆ ಉಳಿತಾಯ, ಮನೆಗೆಂದು ತೆಗೆಯುವಾಗಲೂ ತೆರಿಗೆ ಇಲ್ಲ. ಇದರ ಜಾಗ ಖಾತೆ ತೆರೆದ ಮೇಲೆ ಮಾತ್ರ ಶುರುವಾಗುತ್ತದೆ. ಅದಕ್ಕೇ ದುಡ್ಡಿಲ್ಲದಿದ್ದರೂ ಈ ವರ್ಷವೇ ತೆರೆದಿಡಿ ಎನ್ನುತ್ತೇನೆ. ಒಂದು ಷರತ್ತು ನಮ್ಮವರಿಗೆ ತಾಗುತ್ತದೆ: ಈ ವರ್ಷ ಅಥವಾ ಹಿಂದಿನ ನಾಲ್ಕು ವರ್ಷಗಳಲ್ಲಿ ನಿಮ್ಮದೇ ಸ್ವಂತ ಮನೆಯಲ್ಲಿ ವಾಸವಿದ್ದಿರಬಾರದು. ಆ ಮನೆ ಬೆಂಗಳೂರಿನಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ, ಸಂಗಾತಿಯ ಹೆಸರಿನಲ್ಲಿದ್ದರೂ ಬರುತ್ತದೆ. ಕೋರಮಂಗಲದ ಸ್ವಂತ ಫ್ಲ್ಯಾಟಿನಿಂದ ನೇರ ವಿಮಾನ ಹತ್ತಿದವರು ಕಾಯಬೇಕು.

ಮಕ್ಕಳಿದ್ದರೆ ಆರ್‌ಇಎಸ್‌ಪಿ, ಅವರ ಓದಿಗೆ ಉಳಿಸುವ ಖಾತೆ. ವರ್ಷಕ್ಕೆ 2,500 ಹಾಕಿದರೆ ಸರ್ಕಾರ 500 ಸೇರಿಸುತ್ತದೆ, ಒಂದು ಮಗುವಿಗೆ ಒಟ್ಟು 7,200ರವರೆಗೆ. ತಪ್ಪಿದ ವರ್ಷಗಳದ್ದನ್ನು ವರ್ಷಕ್ಕೊಂದರಂತೆ ಸರಿದೂಗಿಸಬಹುದು. ಯೋಚಿಸುವುದೇನಿಲ್ಲ, ಹಾಕಿ.

ಹಾಗಾದರೆ ಏನು ಕೊಳ್ಳಲಿ?

ಮೂರು ವರ್ಷದೊಳಗೆ ಬೇಕಾದ ದುಡ್ಡು ಶೇರಿಗೆ ಹೋಗಬಾರದು. ಮನೆಯ ಡೌನ್‌ಪೇಮೆಂಟ್, ತಂಗಿ ಮದುವೆ, ಅಪ್ಪನ ಆಪರೇಷನ್‌ಗೆ ತೆಗೆದಿಟ್ಟದ್ದು, ಇವೆಲ್ಲ ಜಿಐಸಿಯಲ್ಲೋ ಹೆಚ್ಚು ಬಡ್ಡಿಯ ಉಳಿತಾಯ ಖಾತೆಯಲ್ಲೋ ಇರಲಿ. ಸಿಡಿಐಸಿ (ಠೇವಣಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ) ಸದಸ್ಯ ಬ್ಯಾಂಕಿನಲ್ಲಿ ಒಂದೊಂದು ಬಗೆಯ ಠೇವಣಿಗೆ 1,00,000 ಡಾಲರ್ ತನಕ ವಿಮೆ ಇದೆ.

ಹತ್ತು ವರ್ಷ ಮುಟ್ಟದ ದುಡ್ಡಿಗೆ ನನಗೆ ಹಿಡಿಸಿದ್ದು ಎಲ್ಲವನ್ನೂ ಒಂದರಲ್ಲೇ ಹಿಡಿದಿಡುವ ಇಟಿಎಫ್, ಅಂದರೆ ಶೇರಿನಂತೆ ಪೇಟೆಯಲ್ಲೇ ಕೊಳ್ಳುವ ಫಂಡು. ನಮ್ಮ ಮನೆಯಲ್ಲೂ ಅದೇ ಇದೆ. ವ್ಯಾನ್‌ಗಾರ್ಡ್ ಎಂಬ ಫಂಡ್ ಕಂಪನಿಯವರು 2018ರಲ್ಲಿ ವಿಜಿಆರ್‌ಒ, ವಿಬಿಎಎಲ್ ಎಂಬ ಇಟಿಎಫ್ ತಂದರು. ಮುಂದಿನ ವರ್ಷ ವಿಇಕ್ಯೂಟಿ ಬಂತು, ಐಶೇರ್ಸ್‌ನವರ ಎಕ್ಸ್‌ಇಕ್ಯೂಟಿ ಬಂತು. ಇಕ್ಯೂಟಿ ಎಂದಿರುವುದು ಪೂರ್ತಿ ಶೇರು, ವಿಜಿಆರ್‌ಒ ಶೇಕಡ 80 ಶೇರು 20 ಬಾಂಡ್, ವಿಬಿಎಎಲ್ 60ಕ್ಕೆ 40. ಒಂದು ಕೊಂಡರೆ ಅಮೆರಿಕ, ಕೆನಡಾ, ಯುರೋಪ್, ಜಪಾನ್, ಭಾರತ ಎಲ್ಲದರ ಸಾವಿರಾರು ಕಂಪನಿಗಳಲ್ಲಿ ಚೂರು ಚೂರು ಪಾಲು. ಒಂದು ಏರಿ ಒಂದು ಇಳಿದರೆ ಅವರೇ ಸರಿದೂಗಿಸುತ್ತಾರೆ. ನೀವು ಮಾಡಬೇಕಾದದ್ದು ಸಂಬಳ ಬಂದಾಗಲೆಲ್ಲ ಇಂತಿಷ್ಟು ಅಂತ ಕೊಳ್ಳುವುದು ಮಾತ್ರ.

ಫೀಸ್ ನೋಡಿ. ಎಕ್ಸ್‌ಇಕ್ಯೂಟಿಯ ವಾರ್ಷಿಕ ವೆಚ್ಚ ಶೇಕಡ 0.20ರ ಆಸುಪಾಸು. ಬ್ಯಾಂಕಿನ ಶಾಖೆಯಲ್ಲಿ ಕೂರಿಸಿ ಮಾರುವ ಎಷ್ಟೋ ಮ್ಯೂಚುವಲ್ ಫಂಡುಗಳದ್ದು ಶೇಕಡ 2ರ ಹತ್ತಿರ. 1,00,000 ಡಾಲರಿಗೆ ಒಂದು ಕಡೆ ವರ್ಷಕ್ಕೆ 200, ಇನ್ನೊಂದು ಕಡೆ 2,000. ಆ 2,000ಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ, ಫಂಡಿನ ಒಳಗಿಂದಲೇ ಹೋಗುತ್ತದೆ. ಫಂಡಿನ ಹೆಸರಿನ ಜೊತೆ ಎಮ್‌ಇಆರ್ (ವಾರ್ಷಿಕ ವೆಚ್ಚದ ಶೇಕಡ) ಎಂದು ಹುಡುಕಿ, ಹಾಳೆಯಲ್ಲಿ ಬರೆಯಿರಿ. ಈ ಒಂದು ಕಾಲಂ ತುಂಬಿದವರು ಹಳೆಯ ಫಂಡಿನಲ್ಲಿ ಜಾಸ್ತಿ ದಿನ ಉಳಿಯುವುದನ್ನು ನಾನು ನೋಡಿಲ್ಲ.

"ಇಲ್ಲಿನ ಬ್ಯಾಂಕ್ ಶೇರು ಸಾಕಲ್ವಾ, ಡಿವಿಡೆಂಡ್ ಚೆನ್ನಾಗಿದೆ" ಎನ್ನುವವರಿದ್ದಾರೆ. ಬ್ಯಾಂಕುಗಳು ಒಳ್ಳೆಯ ಕಂಪನಿಗಳೇ. ಆದರೆ ಕೆನಡಾ ಜಗತ್ತಿನ ಶೇರುಪೇಟೆಯ ಸುಮಾರು ಶೇಕಡ 3 ಮಾತ್ರ. ನಿಮ್ಮ ಕೆಲಸ ಇಲ್ಲಿ, ಮನೆ ಇಲ್ಲಿ, ಸಾಲ ಇಲ್ಲಿ, ಉಳಿತಾಯವೂ ಇಲ್ಲಿಯ ಐದು ಬ್ಯಾಂಕುಗಳಲ್ಲೇ ಇರಬೇಕಾ? 2000ರಲ್ಲಿ ನಾರ್ಟೆಲ್ ಎಂಬ ಒಂದೇ ಕಂಪನಿ ಟೊರೊಂಟೊ ಸೂಚ್ಯಂಕದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೂಕ ಹೊಂದಿತ್ತು. 120 ಡಾಲರ್ ದಾಟಿದ್ದ ಶೇರು ಎರಡೇ ವರ್ಷಕ್ಕೆ ಒಂದು ಡಾಲರಿಗಿಂತ ಕೆಳಗೆ ಬಂತು, 2009ರಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ನಿವೃತ್ತಿಯ ದುಡ್ಡನ್ನೆಲ್ಲ ಅದರಲ್ಲೇ ಇಟ್ಟಿದ್ದ ಅದರ ನೌಕರರ ಕಥೆ ಒಟ್ಟಾವಾ ಕಡೆಯ ಹಿರಿಯರಿಗೆ ಇನ್ನೂ ಮರೆತಿಲ್ಲ. ನಿಮ್ಮ ಕಂಪನಿ ಕೊಡುವ ಶೇರುಗಳ ವಿಷಯದಲ್ಲೂ ಇದನ್ನೇ ಯೋಚಿಸಿ.

ಭಾರತದ ಮೇಲೆ ನಂಬಿಕೆ ಇದೆ, ಅಲ್ಲಿ ಹೂಡಬೇಕು ಅಂದರೆ? ಕೆನಡಾದಲ್ಲಿರುವವರ ಹೊಸ ದುಡ್ಡನ್ನು ಭಾರತದ ಹಲವು ಫಂಡ್ ಕಂಪನಿಗಳು ತೆಗೆದುಕೊಳ್ಳುವುದೇ ಇಲ್ಲ. ಟೊರೊಂಟೊ ಪೇಟೆಯಲ್ಲೇ ಎಕ್ಸ್‌ಐಡಿ, ಜಡ್‌ಐಡಿ ಎಂಬ ಭಾರತದ ಇಟಿಎಫ್‌ಗಳಿವೆ, ಫೀಸ್ ಸ್ವಲ್ಪ ಜಾಸ್ತಿ. ಕೊಳ್ಳುವ ಮುಂಚೆ ಹಾಳೆ ನೋಡಿ. ಸೈಟು, ಎಫ್‌ಡಿ, ಎಸ್‌ಐಪಿ ಸೇರಿ ಭಾರತವೇ ಮುಕ್ಕಾಲು ಪಾಲು ಇದ್ದರೆ, ಇನ್ನೂ ಭಾರತ ಯಾಕೆ?

ಡಾಲರ್ ಬದಲಾಯಿಸಿ ಅಮೆರಿಕದ್ದೇ ಕೊಳ್ಳಲಾ?

ಅಮೆರಿಕದ ಡಿವಿಡೆಂಡ್ ಮೇಲೆ ಆ ದೇಶ ಶೇಕಡ 15 ಹಿಡಿಯುತ್ತದೆ. ಟಿಎಫ್‌ಎಸ್‌ಎಯಲ್ಲಿ ಅದು ವಾಪಸ್ ಬರುವುದಿಲ್ಲ. ಆರ್‌ಆರ್‌ಎಸ್‌ಪಿಯಲ್ಲಿ ಅಮೆರಿಕದ ಪೇಟೆಯ ಇಟಿಎಫ್ ಅನ್ನೇ ನೇರ ಇಟ್ಟುಕೊಂಡರೆ ಹಿಡಿಯುವುದಿಲ್ಲ. ಕೇಳಲು ದೊಡ್ಡದಾಗಿ ಕಾಣುತ್ತದೆ. ಡಿವಿಡೆಂಡ್ ಶೇಕಡ 1.3 ಅಂದುಕೊಂಡರೆ 50,000 ಡಾಲರಿಗೆ ವರ್ಷಕ್ಕೆ ಸುಮಾರು 100 ಡಾಲರ್ ವ್ಯತ್ಯಾಸ. ಕೆಲವು ಬ್ರೋಕರುಗಳು ಡಾಲರ್ ಬದಲಾಯಿಸಲು ಶೇಕಡ 1.5 ತಗೊಳ್ಳುತ್ತಾರೆ, 10,000ಕ್ಕೆ 150 ಅಲ್ಲೇ ಹೋಯಿತು. ಡಿಎಲ್‌ಆರ್ ಎಂಬ ಇಟಿಎಫ್ ಅನ್ನು ಕೆನಡಾ ಡಾಲರಿನಲ್ಲಿ ಕೊಂಡು, ಬ್ರೋಕರಿಗೆ ಹೇಳಿ ಅಮೆರಿಕನ್ ಡಾಲರ್ ಖಾತೆಗೆ ಸರಿಸಿ, ಅಲ್ಲಿ ಮಾರುವ ಉಪಾಯ ಇದೆ. ನಾರ್ಬರ್ಟ್ಸ್ ಗ್ಯಾಂಬಿಟ್ ಎನ್ನುತ್ತಾರೆ. ಕೆಲವು ದಿನ ಹಿಡಿಯುತ್ತದೆ, ಖರ್ಚು ಬಹಳ ಕಡಿಮೆ. ಆರ್‌ಆರ್‌ಎಸ್‌ಪಿ ದೊಡ್ಡದಾಗುವವರೆಗೆ ಇದರ ಗೋಜು ಬೇಡ ಎನ್ನುವುದು ನನ್ನ ಅಭಿಪ್ರಾಯ.

ಮಾರಿದರೆ ತೆರಿಗೆ ಲೆಕ್ಕ ಹೇಗೆ?

ಇದು ಟಿಎಫ್‌ಎಸ್‌ಎ, ಆರ್‌ಆರ್‌ಎಸ್‌ಪಿಯಂಥವುಗಳ ಹೊರಗಿನ ಸಾಮಾನ್ಯ ಖಾತೆಗೆ ಮಾತ್ರ. ಭಾರತದ ಡಿಮ್ಯಾಟ್‌ನಲ್ಲಿ ಮೊದಲು ಕೊಂಡದ್ದು ಮೊದಲು ಮಾರಿದ ಹಾಗೆ ಲೆಕ್ಕ. ಇಲ್ಲಿ ಸರಾಸರಿ ಬೆಲೆ. 40ಕ್ಕೆ 100 ಶೇರು, ಆಮೇಲೆ 50ಕ್ಕೆ 100 ಕೊಂಡರೆ ಸರಾಸರಿ 45. ಐವತ್ತು ಶೇರನ್ನು 60ರಂತೆ ಮಾರಿದರೆ ಲಾಭ 750, ಅದರ ಅರ್ಧ 375 ಮಾತ್ರ ಆದಾಯಕ್ಕೆ ಸೇರುತ್ತದೆ. ಈ ಅರ್ಧವನ್ನು ಮೂರನೇ ಎರಡಕ್ಕೆ ಏರಿಸುವ ಪ್ರಸ್ತಾಪ 2024ರಲ್ಲಿ ಬಂದಿತ್ತು, 2025ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಈಗಲೂ ಕೆಲವರು ಆ ಹೆದರಿಕೆಯಲ್ಲೇ ಬರುತ್ತಾರೆ. ಇನ್ನು ನಷ್ಟ ತೋರಿಸಲೆಂದು ಮಾರಿ, ಹಿಂದಿನ ಅಥವಾ ಮುಂದಿನ 30 ದಿನದೊಳಗೆ ನೀವೋ ನಿಮ್ಮ ಸಂಗಾತಿಯೋ ಅದನ್ನೇ ಕೊಂಡು ಇಟ್ಟುಕೊಂಡಿದ್ದರೆ ಆ ನಷ್ಟವನ್ನು ಒಪ್ಪುವುದಿಲ್ಲ.

ಪೇಟೆ ಬಿದ್ದರೆ?

ಬೀಳುತ್ತದೆ. 2020ರಲ್ಲಿ ಫೆಬ್ರವರಿ 20ರಿಂದ ಮಾರ್ಚ್ 23ರೊಳಗೆ ಟೊರೊಂಟೊ ಸೂಚ್ಯಂಕ ಶೇಕಡ 37 ಇಳಿಯಿತು. 2022ರಲ್ಲಿ ಬಡ್ಡಿ ಏರಿದಾಗ ಬಾಂಡೂ ಶೇರೂ ಒಟ್ಟಿಗೇ ಬಿದ್ದವು. ಆಗ ಏನು ಮಾಡಬೇಕು ಎನ್ನುವುದನ್ನು ಶಾಂತವಾಗಿರುವ ಈಗಲೇ ಹಾಳೆಯ ಹಿಂಬದಿಯಲ್ಲಿ ಬರೆದಿಡಿ. 1,00,000 ಇದ್ದದ್ದು 63,000 ಆಯಿತು ಅಂತ ಅಂಕಿಯಲ್ಲೇ ಬರೆದು ನೋಡಿ. ಎದೆ ಢವಢವ ಎಂದರೆ ಪೂರ್ತಿ ಶೇರಿನದು ನಿಮಗಲ್ಲ, ವಿಬಿಎಎಲ್ ಥರದ್ದು ಸಾಕು. ಹಾಗೆ ಆರಿಸಿಕೊಳ್ಳುವುದರಲ್ಲಿ ಸಣ್ಣತನವೇನಿಲ್ಲ.

ಮನೆ ಸಾಲ ತೀರಿಸಲಾ, ಹೂಡಲಾ ಎಂದು ಕೇಳುವವರಿಗೂ ಇದೇ ಪರೀಕ್ಷೆ. ಇಲ್ಲಿ ವಾಸದ ಮನೆಯ ಬಡ್ಡಿಗೆ ತೆರಿಗೆ ರಿಯಾಯಿತಿ ಇಲ್ಲ. ಶೇಕಡ 4.5ರ ಸಾಲ ತೀರಿಸಿದರೆ ತೆರಿಗೆ ಕಳೆದ ಮೇಲಿನ 4.5 ಖಚಿತವಾಗಿ ಗಳಿಸಿದ ಹಾಗೆ. ರಾತ್ರಿ ನಿದ್ದೆ ಬರದವರು ಸಾಲವನ್ನೇ ತೀರಿಸಲಿ. ಬ್ಯಾಂಕು ವರ್ಷಕ್ಕೆ ಎಷ್ಟು ಹೆಚ್ಚುವರಿ ಕಟ್ಟಲು ಬಿಡುತ್ತದೆ ಎಂದು ಕರಾರಿನಲ್ಲಿ ಮೊದಲು ನೋಡಿ, ಮೀರಿದರೆ ದಂಡ.

ಸಮುದಾಯದ "ಅಡ್ವೈಸರ್" ಬಗ್ಗೆ

ಇಲ್ಲಿ ನನಗೆ ನಿಜವಾಗಿ ಸಂಕಟವಾಗುತ್ತದೆ. ಹೊಸದಾಗಿ ಬಂದ ಗಂಡ ಹೆಂಡತಿ, ಗುರುತಿನವರು ಯಾರೂ ಇಲ್ಲ. ಯುಗಾದಿ ಊಟದಲ್ಲಿ ಪಕ್ಕ ಕೂತವರು ಕನ್ನಡ ಮಾತಾಡುತ್ತಾರೆ, ಮನೆಗೂ ಬರುತ್ತಾರೆ. ಮುಂದಿನ ವಸಂತಕ್ಕೆ ನನ್ನ ಮೇಜಿಗೆ ಬಂದಾಗ ಆ ದಂಪತಿ ತಿಂಗಳಿಗೆ 400 ಡಾಲರಿನ ಯೂನಿವರ್ಸಲ್ ಲೈಫ್ (ವಿಮೆ, ಉಳಿತಾಯ ಒಟ್ಟಿಗಿರುವ) ಪಾಲಿಸಿ ಕಟ್ಟುತ್ತಿರುತ್ತಾರೆ. ಟಿಎಫ್‌ಎಸ್‌ಎ ಖಾಲಿ. ಬಿಡೋಣವೆಂದರೆ ಸರೆಂಡರ್ ಚಾರ್ಜ್, ಅಂದರೆ ನಡುವೆ ಬಿಟ್ಟದ್ದಕ್ಕೆ ಕಡಿತ. ವಿಮೆ ಬೇಕೇ ಬೇಕು, ಅದಕ್ಕೆ ಇಂತಿಷ್ಟು ವರ್ಷಕ್ಕೆ ಬರೀ ವಿಮೆ ಕೊಡುವ ಟರ್ಮ್ ಪಾಲಿಸಿ ಇದೆ. ವಿಮೆ ಮತ್ತು ಉಳಿತಾಯ ಬೇರೆ ಬೇರೆ ಇರಲಿ. ಯಾರೇ ಆಗಲಿ, ಮೂರು ಪ್ರಶ್ನೆ ಕೇಳಿ: ನಿಮಗೆ ಇದರಿಂದ ಎಷ್ಟು ಕಮಿಷನ್? ಎರಡು ವರ್ಷಕ್ಕೆ ಬಿಟ್ಟರೆ ನನಗೆ ಎಷ್ಟು ವಾಪಸ್? ಇದನ್ನು ಬರೆದು ಕೊಡುತ್ತೀರಾ? ಉತ್ತರ ಬರುವ ತನಕ ಸಹಿ ಬೇಡ. ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ದುಡ್ಡು ಕೊಟ್ಟು ಸಲಹೆ ಪಡೆಯಬೇಕೆಂದರೆ ಏನನ್ನೂ ಮಾರದೆ ಗಂಟೆಗೆ ಇಷ್ಟು ಅಂತ ಫೀಸ್ ತಗೊಳ್ಳುವ ಪ್ಲ್ಯಾನರುಗಳಿದ್ದಾರೆ.

ಮುಂದೆ ಊರಿಗೇ ವಾಪಸ್ ಹೋದರೆ?

ಹೋಗುವ ಯೋಚನೆ ಇದ್ದರೆ ಹಾಳೆಯಲ್ಲಿ ಅದನ್ನೂ ಬರೆಯಿರಿ. ಕೆನಡಾ ಬಿಟ್ಟ ದಿನ ಸಾಮಾನ್ಯ ಖಾತೆಯ ಶೇರುಗಳನ್ನೆಲ್ಲ ಮಾರಿದಿರಿ ಎಂದು ಲೆಕ್ಕ ಹಿಡಿದು ಲಾಭಕ್ಕೆ ತೆರಿಗೆ ಹಾಕುತ್ತಾರೆ. ಆರ್‌ಆರ್‌ಎಸ್‌ಪಿ, ಟಿಎಫ್‌ಎಸ್‌ಎ, ಇಲ್ಲಿಯ ಮನೆ ಇದಕ್ಕೆ ಸೇರುವುದಿಲ್ಲ. ಹಿಂದಿನ ಹತ್ತು ವರ್ಷಗಳಲ್ಲಿ 60 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಮಾತ್ರ ಇಲ್ಲಿ ನಿವಾಸಿಯಾಗಿದ್ದರೆ, ಬರುವಾಗಲೇ ನಿಮ್ಮದಾಗಿದ್ದ ಊರಿನ ಆಸ್ತಿಯೂ ಸೇರುವುದಿಲ್ಲ. ಹೋದ ಮೇಲೆ ಟಿಎಫ್‌ಎಸ್‌ಎಗೆ ಹೊಸದಾಗಿ ಏನೂ ಹಾಕಬೇಡಿ, ಹಾಕಿದರೆ ತಿಂಗಳಿಗೆ ಶೇಕಡ 1 ತೆರಿಗೆ. ಕೆನಡಾದಲ್ಲಿ ಅದು ತೆರಿಗೆಮುಕ್ತ ಅನ್ನುವುದನ್ನು ಭಾರತ ಒಪ್ಪಬೇಕೆಂದೇನೂ ಇಲ್ಲ, ಹಾಗಾಗಿ ಹೊರಡುವ ಮುಂಚೆಯೇ ಖಾಲಿ ಮಾಡುವುದು ಸುಲಭದ ದಾರಿ. ಆರ್‌ಆರ್‌ಎಸ್‌ಪಿಯನ್ನು ಹೊರಗಿನಿಂದ ಒಟ್ಟಿಗೆ ತೆಗೆದರೆ ಶೇಕಡ 25 ಹಿಡಿದು ಕೊಡುತ್ತಾರೆ. ಹೊರಡುವ ವರ್ಷದ ರಿಟರ್ನ್‌ನಲ್ಲಿ ದೇಶ ಬಿಟ್ಟ ತಾರೀಕು ಬರೆಯುವ ಜಾಗ ಮೊದಲ ಪುಟದಲ್ಲೇ ಇದೆ, ಅದನ್ನು ಖಾಲಿ ಬಿಡಬೇಡಿ. ಆ ರಿಟರ್ನ್ ಅನ್ನು ವಿಮಾನ ಹತ್ತುವ ಮುಂಚೆ ಎರಡೂ ದೇಶದ ತೆರಿಗೆ ಗೊತ್ತಿರುವವರಿಗೆ ಒಮ್ಮೆ ತೋರಿಸಿ.